ಗಾಡಿಯ ಉಸಿರುಗೊಳವೆ

ಮುಚ್ಚಿದ ಪಾತ್ರೆಗೆ ಉಸಿರಾಡಲು ಒಂದು ದಾರಿ ಬೇಕೆಂಬುದನ್ನು ಅಡಿಗೆಯ ಮನೆಯಲ್ಲಿ ಬೆಳೆದವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಡುಬಿನ ಪಾತ್ರೆಯ ಮುಚ್ಚಳದಲ್ಲಿ ಸಣ್ಣದೊಂದು ತೂತಿರುವುದು. ಎಣ್ಣೆಯ ಡಬ್ಬಕ್ಕೆ ಒಂದೇ ತೂತನ್ನು ಕೊರೆದು ಬಗ್ಗಿಸಿದರೆ ಎಣ್ಣೆಯು ಗಳಕ್ ಗಳಕ್ಕೆಂದು ಬಿಕ್ಕುತ್ತ ಬೀಳುವುದು. ಎದುರಿನ ಮೂಲೆಯಲ್ಲಿ ಇನ್ನೊಂದು ಮೊಳೆಯ ತೂತು ಮಾಡಿದರೆ ಅದೇ ಎಣ್ಣೆಯು ದಾರದಂತೆ ಇಳಿಯುವುದು. ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಡೆನಿಸ್ ಪಾಪಿನ್ ಎಂಬ ಪಂಡಿತನು 1679ರಲ್ಲಿ ಲಂಡನ್ನಿನ ವಿದ್ವಾಂಸರ ಮುಂದೆ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿಮುಚ್ಚಳದ ಪಾತ್ರೆಯೊಂದನ್ನು ಇರಿಸಿದನು. ಅದು ಸಿಡಿದು ಅನಾಹುತವಾಗದಂತೆ ತೂಕದ ಕವಾಟವನ್ನೂ ಅವನೇ ಕಲ್ಪಿಸಿದನು. ನಮ್ಮ ಮನೆಗಳಲ್ಲಿ ದಿನವೂ ಸೀಟಿ ಹಾಕುವ ಕುಕ್ಕರಿನ ಮುತ್ತಜ್ಜನೆಂದರೆ ಅದೇ. ಆದರೆ ಮನೆಯ ಮುಂದೆ ನಿಂತಿರುವ ಮೋಟಾರು ಗಾಡಿಯ ಹೊಟ್ಟೆಯಲ್ಲಿಯೂ ಇಂಥದೇ ಒಂದು ಉಸಿರಿನ ದಾರಿ ಇರುವುದೆಂದು ಬಲ್ಲ ಗೃಹಸ್ಥರು ಎಷ್ಟು ಮಂದಿಯಿದ್ದಾರು? ಕಳೆದ ಆಷಾಢದವರೆಗೆ ನಮ್ಮ ಮನೆಯಲ್ಲಂತೂ ಯಾರಿಗೂ ಅದರ ಪರಿಚಯವಿರಲಿಲ್ಲ.

ನಾವಿರುವುದು ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿ. ಶಾಲೆಯ ಕೆಲಸದಿಂದ ನಿವೃತ್ತನಾಗುವ ಹೊತ್ತಿಗೆ ಕೊಂಡ ಚಿಕ್ಕ ಗಾಡಿ. ಅದಕ್ಕೀಗ ಹನ್ನೊಂದು ವರ್ಷ. ನಮ್ಮ ಕಡೆಯ ರಸ್ತೆಗಳ ವಿಷಯವನ್ನು ವಾಚಕರಿಗೆ ವಿಸ್ತರಿಸಿ ಹೇಳುವ ಅವಶ್ಯವಿಲ್ಲ. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡಗಾಲಿಯ ಬಳಿ ಕಟಕಟನೆ ಸದ್ದು ಏಳಲಾರಂಭಿಸಿತು. ದೂರದ ಪಟ್ಟಣದ ದೊಡ್ಡ ಗ್ಯಾರೇಜೊಂದಕ್ಕೆ ಕೊಟ್ಟೆವು. ಅವರು ಎರಡು ದಿನ ಇಟ್ಟುಕೊಂಡು, ಚಕ್ರವನ್ನು ಹಿಡಿದಿರುವ ಕೆಳಗಿನ ತೋಳುಗಳ ರಬ್ಬರು ಬುಷ್ಷುಗಳನ್ನೂ ಎರಡು ಶಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸಿ ಕೊಟ್ಟರು. ಸದ್ದು ನಿಂತಿತು. ಗಾಡಿಯು ಹೊಸ ಮದುವಣಿಗನ ಹಾಗೆ ಗಂಭೀರವಾಗಿ ನಡೆಯಿತು. ಇದರಲ್ಲಿ ಅವರನ್ನು ದೂರುವಂತಿಲ್ಲ. ಮಾಡಿದ ಮುಖ್ಯ ಕೆಲಸವು ನಿಜವಾಗಿಯೂ ಚೆನ್ನಾಗಿತ್ತು.

ಇಷ್ಟಕ್ಕೂ ನಮಗೆ ಅವಸರವಿದ್ದುದು ಬೇರೆ ಕಾರಣಕ್ಕೆ. ನಮ್ಮ ಅತ್ತೆಯವರಿಗೆ ಎಂಬತ್ತೊಂದು ವಯಸ್ಸು. ಎರಡು ಕಣ್ಣಿಗೂ ಪೊರೆ. ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಒಂದು ಸೋಮವಾರ ಗೊತ್ತಾಗಿತ್ತು. ಬಸ್ಸೆಂದರೆ ಅವರಿಗೆ ವಾಕರಿಕೆ. ಮೊಣಕಾಲಿನ ನೋವಿನಿಂದ ಬಸ್ಸಿನ ಮೆಟ್ಟಿಲನ್ನು ಹತ್ತುವುದೂ ಆಗದು. ಮಳೆಗಾಲ ಕಳೆಯಲೆಂದು ಮುಂದೂಡಿದರೆ ಇನ್ನೊಂದು ದಿನ ಯಾವಾಗ ಸಿಕ್ಕುವುದೋ! ಅವರಂತೂ, “ತುಳಸಿಕಟ್ಟೆಯ ದೀಪ ಉರಿಯುತ್ತಿದೆಯೋ ಆರಿದೆಯೋ ಎಂದು ಕೈಯಿಟ್ಟು ನೋಡುವ ಹಾಗಾಗಿದೆ” ಎಂದು ನಗುತ್ತ ಹೇಳುವರು. ಆ ನಗುವನ್ನು ಕೇಳಿದವರಿಗೆ ನಗು ಬರುವುದಿಲ್ಲ.

ಗಾಡಿಯು ಮನೆಗೆ ಬಂದ ಐದನೆಯ ದಿನ, ಅಂದರೆ ಆ ಸೋಮವಾರಕ್ಕೆ ಇನ್ನು ಐದು ದಿನಗಳಿರುವಾಗ, ಎದುರಿನ ಗಾಜು ತೊಳೆಯುವ ನೀರನ್ನು ತುಂಬುವುದಕ್ಕಾಗಿ ನನ್ನ ಹೆಂಡತಿಯು ಮುಂದಿನ ಮುಚ್ಚಳವನ್ನೆತ್ತಿದಳು. ಮನೆಯಲ್ಲಿ ಈ ಕೆಲಸ ಅವಳದು. ಉಪ್ಪಿನಕಾಯಿಯ ಜಾಡಿಯನ್ನು ಪರೀಕ್ಷಿಸುವ ಕಣ್ಣಿನಿಂದಲೇ ಅವಳು ಇಂಜಿನನ್ನೂ ಪರೀಕ್ಷಿಸುವಳು. “ಇಲ್ಲಿ ಬನ್ನಿ, ಬ್ಯಾಟರಿಯ ಕೆಳಗೆ ಕಿರುಬೆರಳಿನ ಗಾತ್ರದ ರಬ್ಬರು ಕೊಳವೆಯೊಂದು ಜೋತಾಡುತ್ತಿದೆ. ಅದರ ಒಂದು ತುದಿ ಎಲ್ಲಿಗೂ ಸೇರಿಲ್ಲ” ಎಂದಳು. ಬಗ್ಗಿ ನೋಡಿದೆವು. ಕೊಳವೆಯ ಬಾಯಿಯಿಂದ ಗೇಣಿನಷ್ಟು ಕೆಳಗೆ, ಗಿಯರ್ ಪೆಟ್ಟಿಗೆಯ ನೆತ್ತಿಯಲ್ಲಿ, ಲೋಹದ ಮೊಲೆತೊಟ್ಟಿನಂಥ ಮೂತಿಯೊಂದು ಬಾಯ್ದೆರೆದು ನಿಂತಿತ್ತು. ಸುತ್ತಲೂ ಧೂಳು ಮತ್ತು ಕೆಸರಿನ ಪೊರೆ. ಆ ಮೂತಿಯ ಕೊರಳಿನಲ್ಲಿ ಮಾತ್ರ ಅರ್ಧ ಅಂಗುಲದ ಒಂದು ಪಟ್ಟಿ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಅವಳು ಕೂಡಲೆ ತನ್ನ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದಳು. ಈ ಚಿತ್ರದಿಂದ ಮುಂದೆ ಬಹಳ ಉಪಯೋಗವಾಯಿತು.

ನೆರೆಹೊರೆಯವರ ಸಲಹೆಗಳು ಬರಲು ತಡವಾಗಲಿಲ್ಲ. ಗಾಡಿಯ ಮುಚ್ಚಳ ತೆರೆದು ನಿಂತರೆ ನಮ್ಮೂರಿನಲ್ಲಿ ಸಭೆ ತಾನಾಗಿ ಕೂಡುವುದು. ಇದು ಇಂಜಿನಿನ ನಿರ್ವಾತದ ಕೊಳವೆ, ಗಾಡಿಯನ್ನು ಚಾಲೂ ಮಾಡಿದರೆ ಸುಟ್ಟೇಹೋಗುವುದೆಂದು ಒಬ್ಬರು. ಗಾಳಿಯ ತೂತಲ್ಲವೆ, ಇದ್ದರೇನು ಬಿದ್ದರೇನು, ಹಾಗೆಯೇ ಬಿಡಿ ಎಂದು ಇನ್ನೊಬ್ಬರು. ಮೂರನೆಯವರು ಎಲ್ಲರಿಗಿಂತ ಉದಾರಿಗಳು. ಒಂದು ಬೋಲ್ಟನ್ನೂ ಸ್ವಲ್ಪ ಎಂ-ಸೀಲನ್ನೂ ತಾವೇ ಹಿಡಿದು ಬಂದು, “ಈ ತೂತನ್ನು ಮುಚ್ಚಿಬಿಟ್ಟರೆ ನೀರೂ ಹೋಗುವುದಿಲ್ಲ, ಎಣ್ಣೆಯೂ ಬರುವುದಿಲ್ಲ, ಸಂಶಯವೇ ಮುಗಿಯಿತು” ಎಂದರು. ಮಾತು ಎಷ್ಟು ಯುಕ್ತಿಯುಕ್ತವಾಗಿ ಕೇಳಿಸುವುದು ನೋಡಿ! ಈ ಮೂರರಲ್ಲಿ ಗಾಡಿಗೆ ನಿಜವಾದ ಕೇಡನ್ನು ಮಾಡಬಹುದಾಗಿದ್ದುದು ಇದೇ.

ನಮ್ಮ ಊರಿನ ಕೂಡುರಸ್ತೆಯಲ್ಲಿ ಮೂವತ್ತು ವರ್ಷಗಳಿಂದ ಗ್ಯಾರೇಜು ಇಟ್ಟುಕೊಂಡಿರುವ ಸಾಹೇಬರೊಬ್ಬರಿದ್ದಾರೆ. ಅವರ ಇಬ್ಬರು ಮಕ್ಕಳು ನನ್ನಲ್ಲಿ ಗಣಿತ ಓದಿದವರು. ಫೋನು ಮಾಡಿದೆವು. “ಮೇಷ್ಟ್ರೆ, ಏನನ್ನೂ ಮುಟ್ಟಬೇಡಿ. ಒಂದು ಒಣ ಬಟ್ಟೆಯನ್ನು ಸಡಿಲವಾಗಿ ಸುತ್ತಿಡಿ, ಕಸ ಬೀಳದ ಹಾಗೆ. ಮುಚ್ಚುವುದು ಮಾತ್ರ ಬೇಡ. ಸಂಜೆ ನಾನೇ ಬರುತ್ತೇನೆ” ಎಂದರು. ಬಂದರು, ನೋಡಿದರು, ನಮ್ಮ ಜಗಲಿಯ ಮೇಲೆ ಕುಳಿತು ಅರ್ಧ ಗಂಟೆ ಪಾಠ ಹೇಳಿದರು. ಪಾಠ ಹೇಳುವುದೇ ಕಸಬಾಗಿದ್ದ ನಾನು ಕೇಳಿದ ಒಳ್ಳೆಯ ಪಾಠಗಳಲ್ಲಿ ಅದೂ ಒಂದು. ಲೆಕ್ಕಗಳನ್ನು ನಾನು ಸೇರಿಸಿಕೊಂಡು ಅದರ ಸಾರವನ್ನು ಇಲ್ಲಿ ಬರೆಯುತ್ತೇನೆ.

ಗಿಯರ್ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮೀಯುತ್ತ ತಿರುಗುವುವು. ಪೆಟ್ಟಿಗೆಯು ಎಣ್ಣೆಯಿಂದ ಪೂರ್ತಿ ತುಂಬಿರುವುದಿಲ್ಲ; ಮೇಲಿನ ಜಾಗವೆಲ್ಲ ಗಾಳಿ. ಗಾಡಿ ಓಡಿದಂತೆ ಎಣ್ಣೆ ಕಾಯುವುದು, ಗಾಳಿ ಹಿಗ್ಗುವುದು. ಹಿಗ್ಗುವಿಕೆಯ ಲೆಕ್ಕವನ್ನು ಪ್ರೌಢಶಾಲೆಯ ಹುಡುಗರೂ ಬಲ್ಲರು. ಶೂನ್ಯ ಡಿಗ್ರಿಯಲ್ಲಿರುವ ಗಾಳಿಯು ಡಿಗ್ರಿಯೊಂದಕ್ಕೆ ತನ್ನ ಗಾತ್ರದ 273ರಲ್ಲಿ ಒಂದು ಪಾಲಿನಷ್ಟು ಬೆಳೆಯುವುದು. ಬೆಳಗ್ಗೆ 27 ಡಿಗ್ರಿಯಿದ್ದ ಗಾಳಿಯು ಘಟ್ಟವನ್ನು ಹತ್ತುವಷ್ಟರಲ್ಲಿ 87 ಡಿಗ್ರಿಗೆ ಏರಿತೆನ್ನಿ. ಅದರ ಗಾತ್ರವು ಐದನೆಯ ಒಂದು ಪಾಲು ಹೆಚ್ಚುವುದು. ಹೊರಕ್ಕೆ ದಾರಿಯಿದ್ದರೆ ಅಷ್ಟು ಗಾಳಿ ಸದ್ದಿಲ್ಲದೆ ಹೊರಬೀಳುವುದು. ದಾರಿಯನ್ನು ಎಂ-ಸೀಲಿನಿಂದ ಮುಚ್ಚಿದ್ದರೆ? ಆಗ ಗಾತ್ರಕ್ಕೆ ಬದಲಾಗಿ ಒತ್ತಡ ಐದನೆಯ ಒಂದು ಪಾಲು ಏರುವುದು. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 200 ಗ್ರಾಮು ತೂಕವಿಟ್ಟಂತೆ. ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ದಂಡಗಳು ಪೆಟ್ಟಿಗೆಯಿಂದ ಹೊರಬರುವ ಕಡೆ ರಬ್ಬರಿನ ಸೀಲುಗಳಿರುತ್ತವೆ. ಅವು ಎಣ್ಣೆಯನ್ನು ತಡೆಯುವುದಕ್ಕಾಗಿ ಇರುವುವೇ ಹೊರತು ಒತ್ತಡವನ್ನು ತಡೆಯುವುದಕ್ಕಲ್ಲ. ಹನ್ನೊಂದು ವರ್ಷದ ಹಳೆಯ ಸೀಲು ಅಷ್ಟಕ್ಕೇ ಒಸರಲು ತೊಡಗಬಹುದು. ಉಸಿರನ್ನು ಕಟ್ಟಿ ಎಣ್ಣೆಯನ್ನು ಉಳಿಸಲು ಹೋದವರು ಎಣ್ಣೆಯನ್ನೇ ಕಳೆದುಕೊಳ್ಳುವರು.

“ಹಾಗಾದರೆ ತೆರೆದೇ ಬಿಟ್ಟರೆ ತಪ್ಪೇನು? ಗಾಳಿ ಹೋಗಿಬಂದು ಮಾಡುತ್ತದಲ್ಲ” ಎಂದು ನನ್ನ ಹೆಂಡತಿ ಕೇಳಿದಳು. ಬೇಸಿಗೆಯಲ್ಲಿ, ಒಣ ರಸ್ತೆಯಲ್ಲಿ, ನಾಲ್ಕು ದಿನಕ್ಕೆ ದೊಡ್ಡ ತಪ್ಪೇನೂ ಇಲ್ಲವೆಂದು ಸಾಹೇಬರು ಒಪ್ಪಿದರು. ಗಾಡಿ ಸುಟ್ಟುಹೋಗುವುದೆಂಬುದು ಬರಿಯ ಹೆದರಿಕೆ. ಇಂಜಿನಿಗೂ ಈ ಕೊಳವೆಗೂ ಸಂಬಂಧವೇ ಇಲ್ಲ. ಆದರೆ ಪೆಟ್ಟಿಗೆಯು ಉಸಿರನ್ನು ಬಿಡುವ ಹಾಗೆಯೇ ಎಳೆದುಕೊಳ್ಳಲೂ ಬೇಕು. ಕಾದ ಪೆಟ್ಟಿಗೆಯ ಮೇಲೆ ತಣ್ಣೀರು ಬಿದ್ದಿತೆಂದರೆ ಒಳಗಿನ ಗಾಳಿ ತಟ್ಟನೆ ಕುಗ್ಗುವುದು. 87ರಿಂದ 27ಕ್ಕೆ ಇಳಿದರೆ ಆರನೆಯ ಒಂದು ಪಾಲು ಕಡಮೆ. ಒಳಗೆ ಮೂರು ಲೀಟರು ಗಾಳಿಯಿದ್ದಿತೆಂದು ಇಟ್ಟುಕೊಂಡರೆ ಅರ್ಧ ಲೀಟರಿನಷ್ಟನ್ನು ಅದು ಹೊರಗಿನಿಂದ ಹೀರಲೇಬೇಕು. ಮೂತಿಯ ಸುತ್ತ ಗಾಳಿಯಿದ್ದರೆ ಗಾಳಿಯನ್ನು ಹೀರುವುದು, ನೀರಿದ್ದರೆ ನೀರನ್ನೇ. ಮಳೆಗಾಲದಲ್ಲಿ ರಸ್ತೆಯ ಮೇಲೆ ಹರಿಯುವ ಹಳ್ಳಕ್ಕೆ ಗಾಡಿಯನ್ನು ಇಳಿಸಿದಾಗ ಆಗುವುದು ಇದೇ. ಕೊಳವೆಯ ಉಪಕಾರವೆಂದರೆ ಉಸಿರಿನ ಬಾಯನ್ನು ಕೆಸರು ನೀರು ತಾಕದ ಎತ್ತರಕ್ಕೆ ಒಯ್ದು ಇಡುವುದು. ಬಾವಿಗೆ ಕಟ್ಟೆ ಕಟ್ಟಿದಂತೆ. ಕೆಲವು ಗಾಡಿಗಳಲ್ಲಿ ಕೊಳವೆಯೇ ಇರದೆ ಸಣ್ಣ ಲೋಹದ ಟೊಪ್ಪಿಗೆಯೊಂದೇ ಇರುವುದುಂಟು. ನಮ್ಮದಕ್ಕೆ ಮಾಡಿದವರು ಕೊಳವೆಯನ್ನು ಕೊಟ್ಟಿದ್ದಾರೆಂದ ಮೇಲೆ ಅದು ಇರಬೇಕು.

ನೀರು ಸೇರಿದರೆ ಎಣ್ಣೆಯು ಅದರೊಡನೆ ಕಡೆದು ಮಂಕಾಗುವುದು, ಹಲ್ಲುಗಳ ನಡುವೆ ನಿಲ್ಲುವ ಅದರ ಶಕ್ತಿ ತಗ್ಗುವುದು, ಬೇರಿಂಗುಗಳಿಗೆ ತುಕ್ಕು ಹಿಡಿಯುವುದು. ತಾನೇ ಗಿಯರು ಬದಲಾಯಿಸಿಕೊಳ್ಳುವ ಆಟೋಮ್ಯಾಟಿಕ್ ಗಾಡಿಗಳಲ್ಲಿ ಅಪಾಯವು ಇನ್ನೂ ಹೆಚ್ಚು. ಅವುಗಳ ಕ್ಲಚ್ಚಿನ ತಟ್ಟೆಗಳಿಗೆ ಅಂಟಿಸಿರುವ ಕಾಗದದಂಥ ಪದರವು ನೀರಿಗೆ ಸಡಿಲಿ ಏಳುವುದಂತೆ. ಹಾಗಾದರೆ ರಿಪೇರಿಯ ಖರ್ಚು ಎಲ್ಲಿ ನಿಲ್ಲುವುದೆಂದು ಹೇಳಲಾಗದು.

ನಮ್ಮ ಗಾಡಿಯು ಆ ನಾಲ್ಕು ದಿನಗಳಲ್ಲಿ ಎರಡು ಬಾರಿ ಪೇಟೆಗೆ ಹೋಗಿ ಬಂದಿತ್ತು. ಎರಡು ಬಾರಿಯೂ ಜಡಿಮಳೆ. ಗದ್ದೆಯ ಬಯಲಿನ ತಿರುವಿನಲ್ಲಿ ರಸ್ತೆಯ ಮೇಲೆಯೇ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಇದನ್ನು ಹೇಳಿದಾಗ ಸಾಹೇಬರು ಗಡ್ಡವನ್ನು ನೀವಿಕೊಂಡು, “ಗಾಡಿ ಇವತ್ತು ರಾತ್ರಿ ನನ್ನ ಶೆಡ್ಡಿನಲ್ಲಿ ಅಲುಗಾಡದೆ ನಿಲ್ಲಲಿ. ಬೆಳಗ್ಗೆ ಅದೇ ಹೇಳುತ್ತದೆ” ಎಂದರು.

ಬೆಳಗ್ಗೆ ನಾನೂ ಹೋದೆ. ಗಿಯರ್ ಪೆಟ್ಟಿಗೆಗೆ ಪಕ್ಕದಲ್ಲೊಂದು, ತಳದಲ್ಲೊಂದು ಬಿರಡೆ. ಜಾಣರು ಮೊದಲು ಪಕ್ಕದ ಬಿರಡೆಯನ್ನೇ ಬಿಚ್ಚುವರಂತೆ. ತಳದ್ದನ್ನು ಬಿಚ್ಚಿ ಎಣ್ಣೆಯನ್ನೆಲ್ಲ ಸುರಿದ ಮೇಲೆ ಪಕ್ಕದ್ದು ಜಂಗು ಹಿಡಿದು ಅಲುಗದೆ ಹೋದರೆ ಹೊಸ ಎಣ್ಣೆಯನ್ನು ತುಂಬಲು ದಾರಿಯೇ ಇರುವುದಿಲ್ಲ. ಈ ಒಂದು ಮಾತಿಗಾಗಿಯೇ ಅವರಿಗೆ ಕೈಮುಗಿಯಬೇಕೆನಿಸಿತು. ಪಕ್ಕದ ಬಿರಡೆ ಬಂದಿತು. ಬೆರಳಿಟ್ಟು ನೋಡಿದರು, ಎಣ್ಣೆಯ ಮಟ್ಟ ಸರಿಯಾಗಿತ್ತು. ತರುವಾಯ ತಳದ ಬಿರಡೆಯನ್ನು ಮೆಲ್ಲನೆ ಸಡಿಲಿಸಿ ಕೆಳಗೆ ಒಂದು ಬಿಳಿಯ ಪಿಂಗಾಣಿ ಬಟ್ಟಲನ್ನು ಹಿಡಿದರು. ನೀರು ಎಣ್ಣೆಗಿಂತ ಭಾರ. ರಾತ್ರಿಯೆಲ್ಲ ನಿಂತರೆ ಕೆಳಗೆ ಇಳಿದಿರುವುದು. ಮೊದಲು ಬಿದ್ದುದು ಎಣ್ಣೆಯಲ್ಲ, ನೀರು. ಮೂರು ನಾಲ್ಕು ಚಮಚದಷ್ಟು. ಅದರ ಹಿಂದೆ ಬಂದ ಎಣ್ಣೆಯು ಹಾಲು ಬೆರೆಸಿದ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದರ ಗಂಧಕದ ನಾತ ಶೆಡ್ಡನ್ನೆಲ್ಲ ತುಂಬಿತು. ಬಿರಡೆಯ ತುದಿಯಲ್ಲೊಂದು ಅಯಸ್ಕಾಂತವಿದ್ದಿತು. ಅದಕ್ಕೆ ಕಾಡಿಗೆಯಂಥ ನುಣುಪಾದ ಮಸಿ ಅಂಟಿತ್ತೇ ಹೊರತು ಲೋಹದ ಚೂರುಗಳಿರಲಿಲ್ಲ. “ಬೇಗ ಸಿಕ್ಕಿತು ಮೇಷ್ಟ್ರೆ. ಅಮ್ಮನವರ ಕಣ್ಣು ದೊಡ್ಡದು” ಎಂದರು ಸಾಹೇಬರು. ಹೀಗೆಯೇ ಮಳೆಗಾಲವನ್ನು ಕಳೆದಿದ್ದರೆ ಬೇರಿಂಗುಗಳು ಹೋಗುತ್ತಿದ್ದುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಹೊಸ ಎಣ್ಣೆ ಸುಮಾರು ಎರಡು ಲೀಟರು ಹಿಡಿಯಿತು. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಬೇಕು, ಅಂಗಡಿಯವನು ಹೇಳಿದ್ದನ್ನಲ್ಲ ಎಂಬುದು ಅವರ ಕಟ್ಟಪ್ಪಣೆ. ಕೊಳವೆಯನ್ನು ಬಗ್ಗಿಸಿ, ಹಿಚುಕಿ, ಬಿರುಕಿಲ್ಲವೆಂದು ಕಂಡುಕೊಂಡರು. ಗಟ್ಟಿಯಾಗಿದ್ದ ತುದಿಯನ್ನು ಬೆರಳಗಲ ಕತ್ತರಿಸಿ ತೆಗೆದು, ಇನ್ನೊಂದು ತುದಿಯಿಂದ ಊದಿ ದಾರಿ ತೆರವಾಗಿದೆಯೇ ಎಂದು ನೋಡಿದರು. ಎಣ್ಣೆಯನ್ನು ತಾಳುವ ರಬ್ಬರೇ ಆಗಬೇಕಂತೆ. ತೋಟಕ್ಕೆ ನೀರು ಬಿಡುವ ಕೊಳವೆಯ ತುಂಡನ್ನು ಸಿಕ್ಕಿಸಿದರೆ ಕೆಲವು ತಿಂಗಳಲ್ಲಿ ಅದು ಉಬ್ಬಿ ಕಳಚುವುದು. ಮೂತಿಯ ಸುತ್ತಲನ್ನು ಚೆನ್ನಾಗಿ ಒರೆಸಿ, ಕೊಳವೆಯನ್ನು ಕೊರಳಿನವರೆಗೂ ಒತ್ತಿ, ಹೊಸ ಕ್ಲಿಪ್ಪನ್ನು ಹಾಕಿದರು. ಮೇಲಿನ ತುದಿ ಕೊಡೆಯ ಹಿಡಿಯಂತೆ ಬಾಗಿ ಕೆಳಮುಖವಾಗಿ ನಿಲ್ಲುವ ಹಾಗೆ ಕಟ್ಟಿದರು. ನಡುವೆ ಎಲ್ಲಿಯೂ ಜೋಲಿಬಿದ್ದು ನೀರು ನಿಲ್ಲಬಾರದು, ಮುರಿದು ಮಡಿಚಿಕೊಳ್ಳಬಾರದು, ಹೊಗೆಯ ಕೊಳವೆಯ ಬಿಸಿಯೂ ತಗಲಬಾರದು. ಕೊಳವೆಯ ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಹಿಂದಿದ್ದ ವಿಚಾರ ಹದಿನಾರು ಗಂಟೆಯದು. ಆ ಮೇಲೆ ಇಪ್ಪತ್ತು ಕಿಲೋಮೀಟರು ಓಡಿಸಿಕೊಂಡು ಬಂದು ಸೀಲುಗಳ ಬಳಿ ಬಿಳಿಯ ಬಟ್ಟೆಯಿಂದ ಒರೆಸಿ ನೋಡಿದರು. ಬಟ್ಟೆ ಬಿಳಿಯಾಗಿಯೇ ಬಂದಿತು.

ಇನ್ನು ಗ್ಯಾರೇಜಿನ ಮಾತು. ಚಕ್ರದ ತೋಳಿಗೂ ಗಿಯರ್ ಪೆಟ್ಟಿಗೆಯ ನೆತ್ತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ತೋಳುಗಳ ಬೋಲ್ಟನ್ನು ತೆಗೆಯಲು ಅಡ್ಡತೊಲೆಯನ್ನು ಇಳಿಸಬೇಕಾಯಿತು. ಇಂಜಿನ್ನೂ ಗಿಯರ್ ಪೆಟ್ಟಿಗೆಯೂ ಅದರ ಆಸರೆಯಿಲ್ಲದೆ ಜ್ಯಾಕಿನ ಮೇಲೆ ಕೊಂಚ ಕೆಳಕ್ಕೆ ವಾಲಿದುವು. ಕೊಳವೆಯ ಮೇಲಿನ ತುದಿ ಗಾಡಿಯ ಮೈಗೆ ಕಟ್ಟಿದ್ದುದರಿಂದ ಕೆಳಗಿನ ತುದಿ ಕಳಚಿಕೊಂಡಿತು. ಕೆಲಸ ಮುಗಿದು ಎಲ್ಲವೂ ತಮ್ಮ ಜಾಗಕ್ಕೆ ಏರಿದಾಗ ಕೊಳವೆ ಮಾತ್ರ ತಾನಾಗಿ ಏರಲಿಲ್ಲ. ಫೋನಿನಲ್ಲಿ ಯಜಮಾನರು ಮೊದಲು, “ಅದು ನಮ್ಮ ಕೈಯಿಂದ ಆದದ್ದಲ್ಲ, ಮೊದಲೇ ಹಾಗಿದ್ದಿರಬೇಕು” ಎಂದರು. ನನ್ನ ಹೆಂಡತಿ ತೆಗೆದ ಚಿತ್ರವನ್ನು ಕಳುಹಿಸಿದೆವು. ಬಹುಕಾಲದಿಂದ ಕಳಚಿದ್ದರೆ ಮೂತಿಯ ಕೊರಳಿಗೂ ಧೂಳು ಮೆತ್ತಿರಬೇಕಿತ್ತಲ್ಲವೆ? ಅಲ್ಲಿ ಹೊಳೆಯುತ್ತಿದ್ದ ಪಟ್ಟಿಯು ಕೊಳವೆಯು ನಿನ್ನೆ ಮೊನ್ನೆಯವರೆಗೂ ಅಲ್ಲಿಯೇ ಕುಳಿತಿತ್ತೆಂದು ಸಾರುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಎಣ್ಣೆಯ ಖರ್ಚನ್ನು ಆ ಹುಡುಗನ ಸಂಬಳದಲ್ಲಿ ಹಿಡಿದು ಕೊಡುತ್ತೇನೆ” ಎಂದರು.

ಇದು ನಮಗೆ ಬೇಕಾದ ನ್ಯಾಯವಾಗಿರಲಿಲ್ಲ. ಆ ಹುಡುಗನನ್ನು ನಾನು ಬಲ್ಲೆ. ಗಾಡಿಯನ್ನು ಒಪ್ಪಿಸಿದ ದಿನ ನಮ್ಮ ಮುಂದೆಯೇ ಬಗ್ಗಿ ನೋಡಿದವನು. ಕೈಗಾರಿಕಾ ತರಬೇತಿ ಮುಗಿಸಿ ಇನ್ನೂ ವರ್ಷವಾಗಿಲ್ಲ. ನನ್ನ ಹೆಂಡತಿ, “ಬಿಲ್ಲಿನ ಹಣ ಹೋದದ್ದು ಯಜಮಾನರ ಪೆಟ್ಟಿಗೆಗೆ, ನಷ್ಟವೂ ಅದೇ ಪೆಟ್ಟಿಗೆಯಿಂದ ಬರಬೇಕು” ಎಂದಳು. ನನಗೂ ಅದೇ ಸರಿಯೆನಿಸಿತು. ಹೊಸಬನ ಕೆಲಸವನ್ನು ಹಳಬರು ಒಮ್ಮೆ ತಿರುಗಿ ನೋಡುವುದು ಯಜಮಾನಿಕೆಗೆ ಸೇರಿದ ಕರ್ತವ್ಯ. ಸಂಬಳ ಮುರಿಯುವುದರಿಂದ ಆ ಕರ್ತವ್ಯ ತೀರದು. ಹಾಗೆಂದು ನಾಲ್ಕು ಸಾಲಿನ ಕಾಗದವನ್ನು ಬರೆದು, ಸಾಹೇಬರ ಬಿಲ್ಲನ್ನು ಜೊತೆಗಿಟ್ಟು ಕಳುಹಿಸಿದೆ.

ಭಾನುವಾರ ಹುಡುಗನೇ ಬಸ್ಸಿನಲ್ಲಿ ಬಂದನು. ಅಂಗಿಯ ಜೇಬಿನಲ್ಲಿ ಹೊಸ ಕ್ಲಿಪ್ಪೊಂದಿತ್ತು, ಇನ್ನೊಂದು ಜೇಬಿನಲ್ಲಿ ಮಡಿಸಿದ ನೋಟುಗಳು. “ಪೆಟ್ಟಿಗೆ ಇಳಿಸುವಾಗ ಇನ್ನೊಬ್ಬರು ಹಿಡಿದುಕೊಳ್ಳಬೇಕಿತ್ತು ಸಾರ್. ಅವರನ್ನು ಬೇರೆ ಗಾಡಿಗೆ ಕರೆದರು” ಎಂದನು, ಮತ್ತೇನೂ ಹೇಳಲಿಲ್ಲ. ನನ್ನ ಹೆಂಡತಿಯು ನೋಟುಗಳನ್ನು ಅವನ ಜೇಬಿಗೇ ಹಿಂದಿರುಗಿಸಿ ತಿಂಡಿಯ ತಟ್ಟೆಯನ್ನು ಮುಂದಿಟ್ಟಳು. ಗಾಡಿಯನ್ನು ನೋಡದೆ ಅವನು ಅದನ್ನು ಮುಟ್ಟಲೊಲ್ಲನು. ಟಾರ್ಚು ಹಿಡಿದು ಕೊಳವೆಯನ್ನೂ ಅದರ ಬಾಗನ್ನೂ ಬಹಳ ಹೊತ್ತು ನೋಡಿ, ಕತ್ತರಿಸಿ ಒಗೆದಿದ್ದ ಗಟ್ಟಿ ತುದಿಯನ್ನು ಕೇಳಿ ತೆಗೆದುಕೊಂಡು ಹೋದನು. ಏತಕ್ಕೋ ನಾನು ಕೇಳಲಿಲ್ಲ.

ಸೋಮವಾರ ನಸುಕಿನಲ್ಲಿ ಹೊರಟೆವು. ಆಗುಂಬೆಯ ಘಟ್ಟದ ಹದಿನಾಲ್ಕು ತಿರುವುಗಳನ್ನೂ ಮಳೆ ಮಂಜುಗಳ ನಡುವೆ ಎರಡನೆಯ ಗಿಯರಿನಲ್ಲಿಯೇ ಇಳಿದೆವು. ಅತ್ತೆಯವರು ಹಿಂದೆ ಕುಳಿತು, “ಅಳಿಯಂದಿರೇ, ಗಾಡಿ ಉಸಿರಾಡುತ್ತಿದೆಯೆ?” ಎಂದು ಮೂರು ಬಾರಿ ವಿಚಾರಿಸಿದರು. ಸೋಮೇಶ್ವರದಲ್ಲಿ ನಿಲ್ಲಿಸಿ, ಮುಚ್ಚಳವೆತ್ತಿ ನೋಡಿ, ಉಸಿರಾಡುತ್ತಿದೆಯೆಂದು ವರದಿ ಒಪ್ಪಿಸಿದೆನು. ಬಲಗಣ್ಣಿನ ಕೆಲಸ ಆ ದಿನವೇ ಆಯಿತು. ಮೂರನೆಯ ದಿನ ಮನೆಗೆ ಬಂದವರು ತುಳಸಿಕಟ್ಟೆಯನ್ನು ನೋಡಿ, ಸುಣ್ಣ ಬಳಿದು ಎಷ್ಟು ವರ್ಷವಾಯಿತೆಂದು ಮಗಳನ್ನು ಗದರಿದರು. ಎಡಗಣ್ಣಿಗೆ ಕಾರ್ತಿಕದಲ್ಲಿ ದಿನ ಗೊತ್ತಾಗಿದೆ.

ಎಣ್ಣೆಯ ಹಣವು ಮುಂದಿನ ತಿಂಗಳು ಯಜಮಾನರಿಂದ ಬಂದಿತು. ಸಾಹೇಬರ ಕೂಲಿಯನ್ನು ಅವರು ಒಪ್ಪಲಿಲ್ಲವಾದ್ದರಿಂದ ಅದನ್ನು ನಾವೇ ಕೊಟ್ಟೆವು. ಸಂಬಳದಲ್ಲಿ ಏನನ್ನೂ ಹಿಡಿಯಲಿಲ್ಲವೆಂದು ಹುಡುಗನು ಫೋನು ಮಾಡಿ ತಿಳಿಸಿದನು.